ಎಲೆಕ್ಟ್ರಿಕ್ ಬ್ರಷ್ಷೋ, ಸಾದಾ ಬ್ರಷ್ಷೋ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಬಚ್ಚಲಲ್ಲಿ ಒಂದು ಹಳೇ ಸ್ಟೀಲ್ ಲೋಟ ಇದೆ. ಅದರಲ್ಲಿ ಮೂರು ಸಾದಾ ಬ್ರಷ್. ಪಕ್ಕದಲ್ಲೇ ಎರಡು ಎಲೆಕ್ಟ್ರಿಕ್ ಬ್ರಷ್. ಮನೆಗೆ ಬಂದವರು ಕೈ ತೊಳೆಯಲು ಒಳಗೆ ಹೋದರೆ ವಾಪಸ್ ಬರುವಾಗ ಬಾಯಲ್ಲಿ ಒಂದು ಪ್ರಶ್ನೆ ಇರುತ್ತದೆ: "ಅಲ್ಲಾ, ಅದು ನಿಜವಾಗ್ಲೂ ಕೆಲಸ ಮಾಡುತ್ತಾ?"

ನಾನು ಹಲ್ಲಿನ ಡಾಕ್ಟರ್ ಅಲ್ಲ. ಆರು ವರ್ಷದಿಂದ ಎರಡೂ ಥರದ ಬ್ರಷ್ ಬಳಸಿದವಳು, ಅಮ್ಮನಿಗೂ ಮಗಳಿಗೂ ಕೊಡಿಸಿದವಳು, ಒಂದು ಚಾರ್ಜರ್ ಸುಟ್ಟವಳು. ಜನ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಹಾಕಿದ್ದೇನೆ.

ಒಂದೇ ಮಾತಲ್ಲಿ ಹೇಳಿ, ಯಾವುದು ಒಳ್ಳೆಯದು?

ನೂರಾರು ಜನರ ಲೆಕ್ಕ ಹಾಕಿ ಸರಾಸರಿ ತೆಗೆದರೆ ಎಲೆಕ್ಟ್ರಿಕ್ ಸ್ವಲ್ಪ ಮೇಲು. ನಿಮ್ಮೊಬ್ಬರ ಬಾಯಿಗೆ ಮೇಲಾ ಅನ್ನುವುದು ಮಾತ್ರ ನಿಮ್ಮ ಕೈಗೆ ಬಿಟ್ಟಿದ್ದು. ಸಾದಾ ಬ್ರಷ್‌ನಲ್ಲಿ ಎರಡು ನಿಮಿಷ ತಾಳ್ಮೆಯಿಂದ ವಸಡಿನ ಅಂಚಿನವರೆಗೂ ಉಜ್ಜುವ ಕೈ ನಿಮ್ಮದಾದರೆ ದುಡ್ಡು ಉಳಿಸಿ. ಬಸ್ಸು ತಪ್ಪುತ್ತದೆ ಅಂತ ಮೂವತ್ತು ಸೆಕೆಂಡಲ್ಲಿ ಮುಂದಿನ ಹಲ್ಲು ಮಾತ್ರ ಗರಗರ ಉಜ್ಜಿ ಉಗಿಯುವವರಾದರೆ ಎಲೆಕ್ಟ್ರಿಕ್‌ನಿಂದ ನಿಮಗೆ ಲಾಭ ಇದೆ. ನಾನು ಎರಡನೇ ಗುಂಪು.

"ಸ್ವಲ್ಪ ಮೇಲು" ಅಂದರೆ ಎಷ್ಟು?

ಇದಕ್ಕೆ ಎಲ್ಲರೂ ತೋರಿಸುವುದು ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆಯನ್ನು. ಬೇರೆ ಬೇರೆ ಕಡೆ ನಡೆದ 56 ಪ್ರಯೋಗಗಳನ್ನು, ಒಟ್ಟು 5,068 ಜನರ ಮಾಹಿತಿಯನ್ನು ಅವರು ಒಟ್ಟಿಗೆ ಇಟ್ಟು ನೋಡಿದರು. ಒಂದರಿಂದ ಮೂರು ತಿಂಗಳು ಬಳಸಿದವರಲ್ಲಿ ಹಲ್ಲಿನ ಮೇಲಿನ ಜಿಡ್ಡು ಪದರ, ಅಂದರೆ ಪ್ಲಾಕ್, ಸಾದಾ ಬ್ರಷ್‌ನವರಿಗಿಂತ 11% ಕಡಿಮೆ ಇತ್ತು. ಮೂರು ತಿಂಗಳು ದಾಟಿದ ಮೇಲೆ 21% ಕಡಿಮೆ. ವಸಡಿನ ಉರಿಯೂತ ಮೊದಲು 6%, ಆಮೇಲೆ 11% ಕಡಿಮೆ.

ದಿನ ಕಳೆದಂತೆ ಲಾಭ ಜಾಸ್ತಿಯಾಗಿದೆ, ಕಡಿಮೆಯಾಗಿಲ್ಲ. ಹೊಸ ಆಟಿಕೆಯ ಹುಮ್ಮಸ್ಸು ಮಾತ್ರ ಆಗಿದ್ದರೆ ಮೂರು ತಿಂಗಳಲ್ಲಿ ಇಳಿಯಬೇಕಿತ್ತು. ನನಗೆ ನಂಬಿಕೆ ಬಂದದ್ದು ಅಲ್ಲಿ.

ಆದರೆ ಅದೇ ವಿಮರ್ಶೆ ಇನ್ನೊಂದು ಮಾತನ್ನೂ ಹೇಳುತ್ತದೆ. 56 ಪ್ರಯೋಗಗಳಲ್ಲಿ ಪಕ್ಷಪಾತದ ಭಯ ಕಡಿಮೆ ಅಂತ ಅವರಿಗೆ ಅನ್ನಿಸಿದ್ದು ಐದೇ ಐದು. ಈ ಕ್ಷೇತ್ರದ ಸಂಶೋಧನೆಯ ಹಿಂದೆ ಬ್ರಷ್ ಕಂಪನಿಗಳ ದುಡ್ಡು ಇರುವುದು ಸಾಮಾನ್ಯ. ಅಂಗಡಿ ಡಬ್ಬದ ಮೇಲೆ "100% ಜಾಸ್ತಿ ಪ್ಲಾಕ್ ತೆಗೆಯುತ್ತದೆ" ಅಂತ ಬರೆದಿದ್ದರೆ ಈ 21 ಅನ್ನೋ ಅಂಕಿ ನೆನಪಿಡಿ, ಸಾಕು.

ಹಲ್ಲು ಉಳಿಯುತ್ತದಾ? ಅದನ್ನು ಹೇಳಿ.

ಜರ್ಮನಿಯ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದವರು ಪೊಮರೇನಿಯಾ ಭಾಗದ 2,819 ಜನರನ್ನು 11 ವರ್ಷ ಹಿಂಬಾಲಿಸಿ ನೋಡಿದ್ದಾರೆ. 2019ರಲ್ಲಿ ಅದು ಪ್ರಕಟವಾಯಿತು. ಎಲೆಕ್ಟ್ರಿಕ್ ಬ್ರಷ್ ಬಳಸಿದವರು ಉಳಿದವರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಹಲ್ಲು ಕಳೆದುಕೊಂಡಿದ್ದರು. ವಸಡಿನ ರೋಗ ಮುಂದುವರಿದದ್ದೂ ಅವರಲ್ಲಿ ಕಡಿಮೆ.

ಕೇಳಲು ಚೆನ್ನಾಗಿದೆ. ಆದರೆ ಇದು ಬರೀ ಗಮನಿಸಿದ ಅಧ್ಯಯನ, ಯಾರಿಗೂ ಚೀಟಿ ಎತ್ತಿ ಬ್ರಷ್ ಹಂಚಿದ್ದಲ್ಲ. ಎಲೆಕ್ಟ್ರಿಕ್ ಬ್ರಷ್ ಕೊಳ್ಳುವವರು ಸಾಮಾನ್ಯವಾಗಿ ಕೈಯಲ್ಲಿ ನಾಲ್ಕು ಕಾಸು ಇರುವವರು, ಹಲ್ಲಿನ ಬಗ್ಗೆ ಮೊದಲೇ ಕಾಳಜಿ ಇರುವವರು. ಇದನ್ನೆಲ್ಲ ಲೆಕ್ಕದಲ್ಲಿ ಸರಿದೂಗಿಸಲು ಸಂಶೋಧಕರು ನೋಡಿದ್ದಾರೆ. ಪೂರ್ತಿ ಸರಿದೂಗಿಸುವುದು ಯಾರಿಂದಲೂ ಆಗದ ಕೆಲಸ.

ಹುಳುಕು ಹಲ್ಲಿಗೆ?

ಅಲ್ಲಿ ಬ್ರಷ್‌ಗಿಂತ ಪೇಸ್ಟ್ ದೊಡ್ಡದು. ಫ್ಲೋರೈಡ್ ಇರುವ ಪೇಸ್ಟ್, ದಿನಕ್ಕೆರಡು ಸಲ, ಮತ್ತೆ ಬಾಯಿಗೆ ಗಂಟೆಗಂಟೆಗೂ ಬೀಳುವ ಸಿಹಿ ಕಡಿಮೆ. ಎಲೆಕ್ಟ್ರಿಕ್ ಬ್ರಷ್‌ನ ಪುರಾವೆ ಹೆಚ್ಚಾಗಿ ಪ್ಲಾಕ್ ಮತ್ತು ವಸಡಿನ ಬಗ್ಗೆಯೇ ಇದೆ. ನಾಲ್ಕು ಸಾವಿರದ ಬ್ರಷ್ ಹಿಡಿದು ಫ್ಲೋರೈಡ್ ಇಲ್ಲದ ಪೇಸ್ಟ್‌ನಲ್ಲಿ ಉಜ್ಜುವುದಕ್ಕಿಂತ ನಲವತ್ತು ರೂಪಾಯಿ ಬ್ರಷ್, ಸರಿಯಾದ ಪೇಸ್ಟ್ ಹುಳುಕಿಗೆ ಒಳ್ಳೆಯ ತಡೆ.

ಉಜ್ಜಿದ ಮೇಲೆ ನೊರೆ ಉಗಿಯಿರಿ. ಬುಳುಬುಳು ಅಂತ ಐದು ಸಲ ಬಾಯಿ ಮುಕ್ಕಳಿಸಬೇಡಿ. ಫ್ಲೋರೈಡ್ ಎಲ್ಲ ತೊಳೆದು ಹೋಗುತ್ತದೆ. ಹೇಳುವುದು ಸುಲಭ. ಕ್ಯಾಕರಿಸಿ ಮುಕ್ಕಳಿಸದೆ ನಮ್ಮ ಮಾವನವರಿಗೆ ಬೆಳಗೇ ಆಗುವುದಿಲ್ಲ.

ಕೋಲಾರ, ಪಾವಗಡದ ಕಡೆ ನೀರಲ್ಲೇ ಫ್ಲೋರೈಡ್ ಜಾಸ್ತಿ ಅಂತಾರಲ್ಲ, ಅಲ್ಲಿನವರು?

ಒಳ್ಳೆಯ ಪ್ರಶ್ನೆ. ಕುಡಿಯುವ ನೀರಿನಲ್ಲಿ ಲೀಟರ್‌ಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ನಮ್ಮ ದೇಶದ ಮಿತಿ. ಆ ಕಡೆಯ ಎಷ್ಟೋ ಕೊಳವೆಬಾವಿಗಳ ನೀರು ಅದನ್ನು ದಾಟುತ್ತದೆ. ಮಕ್ಕಳ ಹಲ್ಲಿನ ಮೇಲೆ ಬಿಳಿ, ಕಂದು ಪಟ್ಟೆ ಬರುವುದು ಇದರಿಂದಲೇ. ಆದರೆ ಅದು ಹಲ್ಲು ಒಳಗೆ ಬೆಳೆಯುವಾಗ ನುಂಗಿದ ಫ್ಲೋರೈಡ್‌ನ ಕೆಲಸ. ಪೇಸ್ಟ್ ಉಗಿಯಲು ಬರುವ ದೊಡ್ಡವರಿಗೆ ಆ ಚಿಂತೆ ಇಲ್ಲ. ಪೇಸ್ಟ್ ನುಂಗುವ ಪುಟ್ಟ ಮಕ್ಕಳಿದ್ದರೆ ಯಾವ ಪೇಸ್ಟ್, ಎಷ್ಟು ಅಂತ ಅಲ್ಲಿನ ಹಲ್ಲಿನ ಡಾಕ್ಟರನ್ನೇ ಕೇಳಿ. ಮತ್ತೆ, ಆ ಪಟ್ಟೆಗಳು ಕೊಳೆ ಅಲ್ಲ. ಯಾವ ಬ್ರಷ್‌ನಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮಗುವನ್ನು ಬೈದು ಉಜ್ಜಿಸಬೇಡಿ.

ನನ್ನ ಕೈ ಸರಿ ಇದೆಯಾ ಅಂತ ತಿಳಿಯೋದು ಹೇಗೆ?

ಬ್ರಷ್ ಕೊಳ್ಳುವ ಮೊದಲು ಎಲ್ಲರೂ ಇದನ್ನು ಮಾಡಲೇಬೇಕು ಅಂತ ನನ್ನ ಹಟ. ಪ್ಲಾಕ್‌ಗೆ ಬಣ್ಣ ಹತ್ತಿಸುವ ಮಾತ್ರೆ ಸಿಗುತ್ತದೆ. ಡಿಸ್‌ಕ್ಲೋಸಿಂಗ್ ಟ್ಯಾಬ್ಲೆಟ್ ಅಂತ ಕೇಳಿ. ದ್ರವ ರೂಪದಲ್ಲೂ ಇರುತ್ತದೆ. ರಾತ್ರಿ ಎಂದಿನಂತೆ ಉಜ್ಜಿ. ಆಮೇಲೆ ಮಾತ್ರೆ ಜಗಿದು, ಬಾಯೆಲ್ಲ ಆಡಿಸಿ, ಉಗಿದು, ಕನ್ನಡಿ ನೋಡಿ.

ನಾನು ನೋಡಿದ್ದು ಹೇಳುತ್ತೇನೆ. ಮುಂದಿನ ಹಲ್ಲುಗಳು ಬೆಳ್ಳಗೆ ಇದ್ದವು. ಮನಸ್ಸಲ್ಲೇ ಬೆನ್ನು ತಟ್ಟಿಕೊಂಡೆ. ತುಟಿ ಎತ್ತಿದರೆ ಪ್ರತಿ ಹಲ್ಲೂ ವಸಡಿಗೆ ಸೇರುವ ಜಾಗದಲ್ಲಿ ಕುಂಕುಮದ ಗೆರೆ. ಫೋನಿನ ಟಾರ್ಚ್ ಹಿಡಿದು ಒಳಗೆ ನೋಡಿದರೆ ಕೆಳಗಿನ ಬಾಚಿಹಲ್ಲುಗಳ ಹಿಂದೆ, ನಾಲಿಗೆ ತಾಗುವ ಕಡೆ, ಪೂರ್ತಿ ಗುಲಾಬಿ. ಬಲಗಡೆ ಮೇಲಿನ ಕೊನೆಯ ದವಡೆ ಹಲ್ಲಿನ ಕೆನ್ನೆಯ ಪಕ್ಕಕ್ಕೆ ಬ್ರಷ್ ಮುಟ್ಟಿದ್ದ ಗುರುತೇ ಇಲ್ಲ. ಮೂವತ್ತೈದು ವರ್ಷ ದಿನಾ ಉಜ್ಜಿದ ಬಾಯಿ ಅದು!

ಮರುದಿನ ತಂಗಿಗೆ ಮಾತ್ರೆ ಕೊಟ್ಟೆ. ಅವಳದು ಐವತ್ತು ರೂಪಾಯಿಯ ಸಾದಾ ಬ್ರಷ್. ಬಾಯಲ್ಲಿ ಎರಡೋ ಮೂರೋ ಚುಕ್ಕೆ, ಅಷ್ಟೇ. ಅವಳಿಗೆ ಎಲೆಕ್ಟ್ರಿಕ್ ಬೇಡ ಅಂತ ಅಲ್ಲೇ ತೀರ್ಮಾನ ಆಯಿತು. ಕೆಲವು ಗಂಟೆ ತುಟಿ, ನಾಲಿಗೆ ಕೆಂಪಗೆ ಇರುತ್ತದೆ. ಮದುವೆಮನೆಗೆ ಹೊರಡುವ ದಿನ ಈ ಪರೀಕ್ಷೆ ಬೇಡ.

ಹಾಗಾದರೆ ಸಾದಾ ಬ್ರಷ್‌ನಲ್ಲಿ ಸರಿಯಾಗಿ ಉಜ್ಜೋದು ಹೇಗೆ?

ಮೆತ್ತಗಿನ ಎಳೆಯ ಬ್ರಷ್ ತಗೊಳ್ಳಿ. ಎಳೆಗಳನ್ನು 45 ಡಿಗ್ರಿ ಓರೆಯಾಗಿ ಹಲ್ಲು–ವಸಡು ಸೇರುವ ಗೆರೆಗೆ ಹಿಡಿಯಿರಿ. ಅರ್ಧ ಎಳೆ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿಗೆ. ಅಲ್ಲೇ ಸಣ್ಣಗೆ ಅಲುಗಿಸಿ, ಆಮೇಲೆ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಗುಡಿಸಿ. ಎರಡು ಮೂರು ಹಲ್ಲಿಗೆ ಒಂದು ಸಲ, ಹೀಗೇ ಮುಂದಕ್ಕೆ. ಬಾಚಿಹಲ್ಲಿನ ಹಿಂಭಾಗಕ್ಕೆ ಬ್ರಷ್ ನೆಟ್ಟಗೆ ನಿಲ್ಲಿಸಿ. ಡಾಕ್ಟರುಗಳು ಇದನ್ನು ಬಾಸ್ ವಿಧಾನ ಅಂತ ಕರೆಯುತ್ತಾರೆ.

ಬ್ರಷ್‌ನ್ನು ಪೊರಕೆ ಥರ ಮುಷ್ಟಿಯಲ್ಲಿ ಹಿಡಿಯಬೇಡಿ, ಪೆನ್ನಿನ ಹಾಗೆ ಬೆರಳಲ್ಲಿ ಹಿಡಿಯಿರಿ. ಹಿಡಿತ ಬದಲಾದರೆ ಒತ್ತಡ ತಾನೇ ಇಳಿಯುತ್ತದೆ. ಗಡಿಯಾರ ಇಟ್ಟು ಎರಡು ನಿಮಿಷ ನೋಡಿ. ಮೊದಲ ದಿನ ಆ ಎರಡು ನಿಮಿಷ ಒಂದು ಯುಗ.

ಎಲೆಕ್ಟ್ರಿಕ್ ಬ್ರಷ್‌ನಲ್ಲೂ ಹೀಗೇ ಉಜ್ಜಬೇಕಾ?

ಇಲ್ಲ, ಮುಕ್ಕಾಲು ಪಾಲು ಜನ ತಪ್ಪುವುದು ಇಲ್ಲೇ. ಬ್ರಷ್ ಉಜ್ಜುತ್ತದೆ, ನೀವು ಸುಮ್ನೆ ಹಿಡಿಯಬೇಕು. ಒಂದು ಹಲ್ಲಿಗೆ ಹಿಡಿ, ವಸಡಿನ ಅಂಚಿಗೆ ತಾಗಿಸು, ಒಂದೆರಡು ಸೆಕೆಂಡ್ ನಿಲ್ಲು, ಪಕ್ಕದ ಹಲ್ಲಿಗೆ ಜಾರು. ಹೊರಗಡೆ ಮುಗಿದ ಮೇಲೆ ಒಳಗಡೆ, ಆಮೇಲೆ ಜಗಿಯುವ ಮೇಲ್ಭಾಗ. ಹಳೇ ಅಭ್ಯಾಸದಲ್ಲಿ ಹಿಂದೆ ಮುಂದೆ ಉಜ್ಜಿದರೆ ಎರಡು ಕೆಲಸವೂ ಕೆಡುತ್ತದೆ.

ಇನ್ನೊಂದು ಗುಟ್ಟು. ಬ್ರಷ್ ಬಾಯೊಳಗೆ ಹೋದ ಮೇಲೆ ಸ್ವಿಚ್ ಒತ್ತಿ, ಆರಿಸಿದ ಮೇಲೆ ಹೊರಗೆ ತೆಗೆಯಿರಿ. ನಮ್ಮ ಕನ್ನಡಿಯ ಮೇಲೆ ಮೊದಲ ವಾರ ಬಿದ್ದ ಪೇಸ್ಟ್ ಚುಕ್ಕೆಗಳನ್ನು ಒರೆಸಿ ಒರೆಸಿ ಕಲಿತದ್ದು ಇದು. ತುಟಿ, ಮೂಗಿನ ತುದಿ ಕಚಗುಳಿ ಇಟ್ಟ ಹಾಗೆ ಆಗುತ್ತದೆ. ಹತ್ತು ದಿನದಲ್ಲಿ ಅಭ್ಯಾಸ ಆಗುತ್ತದೆ.

ದುಂಡು ತಲೆಯದ್ದಾ, ಸೋನಿಕ್ಕಾ?

ದುಂಡು ತಲೆಯದ್ದು ಅತ್ತ ಇತ್ತ ತಿರುಗುತ್ತದೆ, ಒಂದೊಂದೇ ಹಲ್ಲನ್ನು ಬಟ್ಟಲಲ್ಲಿ ಹಿಡಿದ ಹಾಗೆ ಹಿಡಿಯುತ್ತದೆ. ಸೋನಿಕ್ ನೋಡಲು ಸಾದಾ ಬ್ರಷ್‌ನ ಹಾಗೇ ಉದ್ದ. ಆದರೆ ನಿಮಿಷಕ್ಕೆ 31,000 ಸಲದಷ್ಟು ಅಲುಗುತ್ತದೆ. ಎರಡೂ 1990ರ ದಶಕದ ಶುರುವಿನಲ್ಲಿ ಮಾರುಕಟ್ಟೆಗೆ ಬಂದವು. ಕಾಕ್ರೇನ್ ವಿಮರ್ಶೆಯಲ್ಲಿ ಅತಿ ಹೆಚ್ಚು ಪುರಾವೆ ಇದ್ದದ್ದು ದುಂಡು ತಲೆಯ ಬ್ರಷ್‌ಗೆ. ನನ್ನ ಪ್ರಕಾರ ಕೊನೆಯ ದವಡೆ ಹಲ್ಲಿಗೂ ಅದೇ ಸಲೀಸು. ಸದ್ದು ಮಾತ್ರ ಜಾಸ್ತಿ, ಮಿಕ್ಸಿಯ ತಮ್ಮನ ಹಾಗೆ. ವಸಡು ಸೂಕ್ಷ್ಮ ಇರುವವರಿಗೆ ಸೋನಿಕ್ ಹಿತ ಅನ್ನಿಸಬಹುದು. ಇಷ್ಟವಾಗಿ ದಿನಾ ಕೈಗೆ ಬರುವುದು ಯಾವುದೋ ಅದನ್ನು ತಗೊಳ್ಳಿ.

ಎಎ ಸೆಲ್ ಹಾಕುವ ಇನ್ನೂರು ಮುನ್ನೂರರ ಬ್ರಷ್‌ಗಳ ಪೈಕಿ ಎಷ್ಟೋ ಬರೀ ಗುಂಯ್‌ಗುಡುವ ಸಾದಾ ಬ್ರಷ್‌ಗಳು. ಸೆಲ್ ಇಳಿಯುತ್ತ ಬಂದ ಹಾಗೆ ಗುಂಯ್ ಕೂಡ ಇಳಿಯುತ್ತದೆ.

ಇದೆಲ್ಲ ಈಗಿನ ಸೋಮಾರಿಗಳ ಶೋಕಿ ಅಲ್ವಾ?

ನಮ್ಮಪ್ಪನ ಪ್ರಶ್ನೆ ಇದು. ಇತಿಹಾಸ ಬೇರೆಯೇ ಹೇಳುತ್ತದೆ. ಮೊದಲ ಯಶಸ್ವಿ ಎಲೆಕ್ಟ್ರಿಕ್ ಬ್ರಷ್ ಬ್ರಾಕ್ಸೊಡೆಂಟ್. 1954ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಡಾ. ಫಿಲಿಪ್ ಗೀ ವೂಗ್ ಅದನ್ನು ರೂಪಿಸಿದರು. ಆಗ ಅದಕ್ಕೆ ಬ್ಯಾಟರಿ ಇರಲಿಲ್ಲ, ವೈರನ್ನು ಗೋಡೆಯ ಪ್ಲಗ್‌ಗೇ ಸಿಕ್ಕಿಸಬೇಕಿತ್ತು. ಮಾಡಿದ್ದು ಯಾರಿಗೆ ಅಂದರೆ ಕೈ ಸರಿಯಾಗಿ ಆಡದ ರೋಗಿಗಳಿಗೆ, ಹಲ್ಲಿಗೆ ತಂತಿ ಕಟ್ಟಿಸಿಕೊಂಡವರಿಗೆ. ಅಮೆರಿಕದ ಅಂಗಡಿಗೆ ಬಂದದ್ದು 1960ರಲ್ಲಿ. ಇನ್ನೂ ಹಿಂದೆ ಹೋದರೆ, ಸಾದಾ ಬ್ರಷ್‌ಗೆ ನೈಲಾನ್ ಎಳೆ ಬಂದದ್ದೇ 1938ರಲ್ಲಿ. ಅದಕ್ಕೆ ಮುಂಚೆ ಹಂದಿ ಕೂದಲು. ಇದನ್ನು ಹೇಳಿದ ದಿನ ಅಪ್ಪ ಕಾಫಿ ಲೋಟ ಕೆಳಗಿಟ್ಟರು.

ಹಾಗಾದರೆ ಯಾರಿಗೆ ನಿಜವಾಗ್ಲೂ ಬೇಕು?

ವೂಗ್ ಅವರ ರೋಗಿಗಳ ಥರದವರಿಗೆ ಮೊದಲು. ಅಮ್ಮನಿಗೆ ಸಂಧಿವಾತ, ಬೆರಳ ಗಂಟುಗಳು ಊದಿವೆ. ಸಾದಾ ಬ್ರಷ್‌ನ ಕಡ್ಡಿಯಂಥ ಹಿಡಿ ಬೆಳಗಿನ ಹೊತ್ತು ಅವರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಕಷ್ಟಪಟ್ಟು ಎಡಗಡೆ ನಾಲ್ಕು ಸಲ ಉಜ್ಜಿ ಬಿಡುತ್ತಿದ್ದರು. ಎಲೆಕ್ಟ್ರಿಕ್ ಬ್ರಷ್‌ನ ದಪ್ಪ ಹಿಡಿ ಮುಷ್ಟಿಗೆ ಕೂರುತ್ತದೆ, ಮಣಿಕಟ್ಟು ಆಡಿಸುವ ಕೆಲಸ ಇಲ್ಲ. ಸ್ವಿಚ್ ಬಿಗಿ ಇತ್ತು. ಅಂಗಡಿಯಲ್ಲೇ ಒತ್ತಿ ನೋಡಬೇಕಿತ್ತು, ನೋಡಲಿಲ್ಲ. ಈಗ ಹೆಬ್ಬೆರಳಿನ ಬದಲು ಸಿಂಕಿನ ಅಂಚಿಗೆ ಒತ್ತಿ ಆನ್ ಮಾಡುತ್ತಾರೆ.

ಪಾರ್ಕಿನ್ಸನ್ಸ್ ಇದ್ದವರು, ಲಕ್ವ ಹೊಡೆದು ಒಂದು ಕೈ ಸೋತವರು, ಹಾಸಿಗೆ ಹಿಡಿದವರಿಗೆ ಹಲ್ಲುಜ್ಜಿಸುವ ಮನೆಯವರು, ಇವರಿಗೆಲ್ಲ ಇದು ಶೋಕಿ ಅಲ್ಲ. ಸಕ್ಕರೆ ಕಾಯಿಲೆ ಇದ್ದವರೂ ವಸಡಿನ ಮೇಲೆ ಕಣ್ಣಿಡಬೇಕು. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ಯಂತ್ರ ಅಲ್ವಾ, ಹಲ್ಲು ಸವೆಯಲ್ವಾ?

ಸವೆಸುವುದು ಒತ್ತುವ ಕೈ ಮತ್ತು ಗಡಸು ಎಳೆ. ನಮ್ಮಲ್ಲಿ "ಗಟ್ಟಿಯಾಗಿ ಉಜ್ಜಿದರೆ ಕ್ಲೀನ್" ಅನ್ನುವ ನಂಬಿಕೆ ಬಲವಾಗಿದೆ. ಪಾತ್ರೆ ಉಜ್ಜಿದ ರೂಢಿ. ಹಾಗೆ ವರ್ಷಗಟ್ಟಲೆ ಉಜ್ಜಿದವರ ಹಲ್ಲಿನ ಬುಡದಲ್ಲಿ ಕೊಡಲಿ ಏಟಿನ ಹಾಗೆ ಕಚ್ಚು ಬಿದ್ದಿರುತ್ತದೆ. ವಸಡು ಮೇಲೆ ಸರಿದು ಬೇರು ಕಾಣುತ್ತದೆ. ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಕಾಕ್ರೇನ್ ವಿಮರ್ಶೆಯಲ್ಲಿ ಎಲೆಕ್ಟ್ರಿಕ್ ಬ್ರಷ್‌ನಿಂದ ಆದ ತೊಂದರೆ ಅಂತ ಬರೆದಿದ್ದು ಸಣ್ಣಪುಟ್ಟವು, ಸ್ವಲ್ಪ ದಿನಕ್ಕೆ ಹೋಗುವಂಥವು.

ಆದರೂ ಎಲೆಕ್ಟ್ರಿಕ್ ಬ್ರಷ್‌ನ್ನು ಕೂಡ ಜೋರಾಗಿ ಒತ್ತಿದರೆ ಹಾನಿಯೇ. ಅದಕ್ಕೇ ಒತ್ತಡ ಹೇಳುವ ಸೆನ್ಸರ್ ಇರುವುದನ್ನು ತಗೊಳ್ಳಿ ಅನ್ನುತ್ತೇನೆ. ಜಾಸ್ತಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಇಲ್ಲವೇ ಬ್ರಷ್ ನಿಧಾನ ಆಗುತ್ತದೆ. ನನ್ನ ಗಂಡನ ಬಾಯಲ್ಲಿ ಮೊದಲ ದಿನ ಅದು ಟ್ರಾಫಿಕ್ ಸಿಗ್ನಲ್‌ನ ಹಾಗೆ ಕೆಂಪಗೇ ನಿಂತಿತ್ತು.

ಶುರು ಮಾಡಿದ ಮೇಲೆ ರಕ್ತ ಬರ್ತಿದೆ. ನಿಲ್ಲಿಸಲಾ?

ಬೇಡ. ಹೆಚ್ಚಿನ ಸಲ ವಸಡಿನಲ್ಲಿ ರಕ್ತ ಬರುವುದು ಅಲ್ಲಿ ಮೊದಲೇ ಉರಿಯೂತ ಇದ್ದದ್ದಕ್ಕೆ. ಇಷ್ಟು ದಿನ ಮುಟ್ಟದ ಜಾಗಕ್ಕೆ ಈಗ ಎಳೆ ಮುಟ್ಟುತ್ತಿದೆ. ಮೆಲ್ಲಗೆ ಮುಂದುವರಿಸಿ. ಎರಡು ವಾರದೊಳಗೆ ಕಡಿಮೆಯಾಗಬೇಕು. ಆಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಎರಡು ವಾರ ಕಾಯಬೇಡಿ. ಬೀಡಿ, ಸಿಗರೇಟು ಸೇದುವವರಿಗೆ ವಸಡು ಕೆಟ್ಟಿದ್ದರೂ ರಕ್ತ ಕಡಿಮೆ ಬರುತ್ತದೆ. ನಂಗೇನೂ ಇಲ್ಲ ಅಂತ ಅವರು ಬೀಗುವ ಹಾಗಿಲ್ಲ.

ಮಕ್ಕಳಿಗೆ ಕೊಡಬಹುದಾ? ಕ್ಲಿಪ್ ಹಾಕಿದವರಿಗೆ?

ಮೂರು ವರ್ಷ ದಾಟಿದ ಮಕ್ಕಳಿಗೆ ಅವರದೇ ಪುಟ್ಟ ತಲೆಯ ಬ್ರಷ್ ಬರುತ್ತದೆ. ಆದರೆ ಯಾವ ಬ್ರಷ್ ಆದರೂ ಏಳೆಂಟು ವರ್ಷದವರೆಗೆ ಕೊನೆಯ ಸುತ್ತು ದೊಡ್ಡವರೇ ಉಜ್ಜಿಸಬೇಕು. ತಾವೇ ಶರ್ಟಿನ ಗುಂಡಿ ನೆಟ್ಟಗೆ ಹಾಕಿಕೊಳ್ಳದ ಕೈಗೆ ಕೊನೆಯ ದವಡೆ ಹಲ್ಲು ಎಟುಕುತ್ತದೆಯೇ? ಮೂರರೊಳಗಿನವರಿಗೆ ಪೇಸ್ಟ್ ಅಕ್ಕಿಕಾಳಷ್ಟು, ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ತೋರಿಸುವ ಆ ಉದ್ದದ ಅಲೆ ದೊಡ್ಡವರಿಗೂ ಬೇಡ.

ಕ್ಲಿಪ್ ಹಾಕಿದ ಹಲ್ಲಿಗೆ ಎಲೆಕ್ಟ್ರಿಕ್ ಧಾರಾಳವಾಗಿ ನಡೆಯುತ್ತದೆ. ನನ್ನ ಮಗಳು ಎರಡು ವರ್ಷ ಬಳಸಿದಳು, ಒಂದು ಕ್ಲಿಪ್ಪೂ ಕಿತ್ತು ಬರಲಿಲ್ಲ. ಕಿತ್ತು ಬಂದದ್ದು ಕೋಡುಬಳೆಯಿಂದ. ತಂತಿಯ ಕೆಳಗೆ ನುಗ್ಗಲು ಬಾಟಲಿ ಬ್ರಷ್‌ನ ಮರಿಯಂಥ ಇಂಟರ್‌ಡೆಂಟಲ್ ಬ್ರಷ್ ಜೊತೆಗೆ ಬೇಕೇ ಬೇಕು.

ಅಂದಹಾಗೆ ಕ್ಲಿಪ್ ಇಲ್ಲದವರಿಗೂ ಅಷ್ಟೇ. ಎರಡು ಹಲ್ಲಿನ ಸಂದಿಗೆ ಯಾವ ಬ್ರಷ್ಷೂ ಹೋಗುವುದಿಲ್ಲ. ದಾರವೋ ಸಣ್ಣ ಬ್ರಷ್ಷೋ, ದಿನಕ್ಕೊಂದು ಸಲ ಹಾಕಬೇಕು.

ಎಲೆಅಡಿಕೆ ಕಲೆ ಹೋಗುತ್ತಾ?

ತೀರ್ಥಹಳ್ಳಿ ಕಡೆಯ ನಮ್ಮ ಮಾವನವರು ಆಸೆಯಿಂದ ಕೇಳಿದ್ದು. ಮೇಲುಮೇಲಿನ ಕಾಫಿ, ಟೀ ಕಲೆ ಸ್ವಲ್ಪ ತಿಳಿಯಾಗುತ್ತದೆ. ವರ್ಷಗಳ ಎಲೆಅಡಿಕೆಯ ಕಪ್ಪಂಚು ಹೋಗುವುದಿಲ್ಲ. ಅದನ್ನು ಕ್ಲಿನಿಕ್‌ನಲ್ಲೇ ತೆಗೆಸಬೇಕು.

ಆದರೆ ಅಡಿಕೆಯ ವಿಷಯದಲ್ಲಿ ಕಲೆ ಸಣ್ಣ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ, ಗುಟ್ಕಾ ಜಗಿಯುವವರಿಗೆ ಕೆನ್ನೆಯ ಒಳಗಿನ ಚರ್ಮ ಬಿಗಿದು ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ, ಖಾರ ತಿಂದರೆ ಉರಿ ಜಾಸ್ತಿಯಾದರೆ, ಬ್ರಷ್ ಹುಡುಕುವ ಮೊದಲು ಡಾಕ್ಟರ್‌ಗೆ ಬಾಯಿ ತೋರಿಸಿ. ಅಡಿಕೆ ತೋಟದ ಮನೆಯಲ್ಲಿ ಇದನ್ನು ಹೇಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಎಲೆಕ್ಟ್ರಿಕ್ ಇದ್ದರೆ ಡಾಕ್ಟರ್ ಹತ್ತಿರ ಕ್ಲೀನ್ ಮಾಡಿಸೋದು ತಪ್ಪುತ್ತಾ?

ತಪ್ಪುವುದಿಲ್ಲ. ಜಿಡ್ಡು ಪದರ ತೆಗೆಯದೆ ಬಿಟ್ಟರೆ ಒಂದೆರಡು ದಿನದಲ್ಲೇ ಎಂಜಲಿನ ಸುಣ್ಣದಂಶ ಸೇರಿ ಗಟ್ಟಿಯಾಗಲು ಶುರುವಾಗುತ್ತದೆ. ಬಿಸಿನೀರ ಹಂಡೆಯ ತಳದಲ್ಲಿ ಕಟ್ಟುವ ಉಪ್ಪಿನ ಹಾಗೆ. ಒಮ್ಮೆ ಗಟ್ಟಿಯಾದ ಮೇಲೆ ಯಾವ ಬ್ರಷ್‌ಗೂ ಬಗ್ಗುವುದಿಲ್ಲ. ಖಾಸಗಿ ಕ್ಲಿನಿಕ್ ದುಬಾರಿ ಅನ್ನಿಸಿದರೆ ಬೆಂಗಳೂರಿನ ಕೋಟೆ ಬಳಿ, ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರ ಸರ್ಕಾರಿ ದಂತ ಕಾಲೇಜು ಇದೆ. ಬೇರೆ ಊರಿನ ದಂತ ಕಾಲೇಜುಗಳಲ್ಲೂ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಕ್ಯೂ ಇರುತ್ತದೆ, ತಿಂಡಿ ತಿಂದು ಹೋಗಿ.

ಖರ್ಚು ಎಷ್ಟು ಬೀಳುತ್ತೆ? ಏನೇನು ನೋಡಿ ಕೊಳ್ಳಬೇಕು?

ನನ್ನ ಲೆಕ್ಕ ಇದು. ಸಾದಾ ಬ್ರಷ್ 40 ರೂಪಾಯಿ, ಮೂರು ತಿಂಗಳಿಗೊಂದು. ವರ್ಷಕ್ಕೆ 160. ಎಲೆಕ್ಟ್ರಿಕ್ 1,600 ಕೊಟ್ಟು ಕೊಂಡೆ. ನಾಲ್ಕು ವರ್ಷ ಬಂತು ಅಂದರೆ ವರ್ಷಕ್ಕೆ 400. ಆಗಾಗ ಬದಲಿಸುವ ಎಳೆಯ ಭಾಗ, ಅಂದರೆ ಬ್ರಷ್‌ನ ತಲೆ, ಒಂದಕ್ಕೆ 200, ವರ್ಷಕ್ಕೆ ನಾಲ್ಕು, 800. ಒಟ್ಟು 1,200. ಅಂದರೆ ವರ್ಷಕ್ಕೆ ಸಾವಿರ ರೂಪಾಯಿ ಜಾಸ್ತಿ. ಗಮನಿಸಿ, ದೊಡ್ಡ ಖರ್ಚು ಬ್ರಷ್‌ದಲ್ಲ, ತಲೆಯದ್ದು. ಅದಕ್ಕೇ ಮೊದಲು ತಲೆಯ ಬೆಲೆ ನೋಡಿ, ನಿಮ್ಮೂರಲ್ಲಿ ಸಿಗುತ್ತದಾ ವಿಚಾರಿಸಿ, ಆಮೇಲೆ ಬ್ರಷ್ ಆರಿಸಿ. ಅಗ್ಗದ ಬ್ರಷ್ ಕೊಂಡು ಒಂದು ವರ್ಷದ ಮೇಲೆ ತಲೆ ಎಲ್ಲೂ ಸಿಗದೆ ಹಿಡಿಯನ್ನು ಎಸೆದವರು ನನಗೆ ಗೊತ್ತು.

ಬೇಕಾದ್ದು ಮೂರೇ: ಎರಡು ನಿಮಿಷದ ಟೈಮರ್, ಒತ್ತಡದ ಸೆನ್ಸರ್, ಸುಲಭವಾಗಿ ಸಿಗುವ ಮೆತ್ತಗಿನ ತಲೆ. ಬ್ಲೂಟೂತ್, ಆ್ಯಪ್, ಏಳು ಮೋಡ್, ಬಣ್ಣದ ದೀಪ, ಇವಕ್ಕೆಲ್ಲ ದುಡ್ಡು ಸುರಿಯಬೇಡಿ. ಹಲ್ಲುಜ್ಜುವಾಗಲೂ ಫೋನ್ ನೋಡಬೇಕಾ?

ಅಮೆರಿಕದಿಂದ ತಂದುಕೊಟ್ಟರು. ಇಲ್ಲಿ ನಡೆಯುತ್ತಾ?

ನನ್ನ ಸುಟ್ಟ ಚಾರ್ಜರ್ ಕತೆ ಇದೇ. ನಮ್ಮಣ್ಣ ಅಲ್ಲಿಂದ ಬರುವಾಗ ಬಾದಾಮಿ, ಚಾಕಲೇಟ್ ಜೊತೆ ಒಂದು ಬ್ರಷ್ ತಂದ. ಪ್ಲಗ್‌ಗೆ ಒಂದು ಅಡಾಪ್ಟರ್ ಸಿಕ್ಕಿಸಿ ಹಾಕಿದೆ. ಅರ್ಧ ಗಂಟೆಯಲ್ಲಿ ಬಚ್ಚಲೆಲ್ಲ ಸುಟ್ಟ ಪ್ಲಾಸ್ಟಿಕ್ ವಾಸನೆ. ತಪ್ಪು ಬ್ರಷ್‌ದಲ್ಲ, ನನ್ನದು. ಅಮೆರಿಕದ ಮನೆ ಕರೆಂಟು 120 ವೋಲ್ಟ್, ನಮ್ಮದು 230. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟ್ ಬದಲಿಸುವುದಿಲ್ಲ. ಚಾರ್ಜರ್ ತಳದಲ್ಲಿ ಸಣ್ಣ ಅಕ್ಷರದಲ್ಲಿ 100–240 ಅಂತ ಇದ್ದರೆ ಧೈರ್ಯವಾಗಿ ಹಾಕಿ. 110–130 ಅಂತ ಇದ್ದರೆ ಇಲ್ಲಿ ಹಾಕಬೇಡಿ. ಯುಎಸ್‌ಬಿ ಚಾರ್ಜರ್ ಆದರೆ ಈ ತಲೆನೋವೇ ಇಲ್ಲ.

ಊರಲ್ಲಿ ಕರೆಂಟ್ ಇರಲ್ಲ, ಬೋರ್ ನೀರು ಬೇರೆ.

ಕರೆಂಟ್‌ಗೆ ಹೆದರಬೇಡಿ. ಒಮ್ಮೆ ಚಾರ್ಜ್ ಮಾಡಿದರೆ ಸಾಮಾನ್ಯವಾಗಿ ಒಂದೆರಡು ವಾರ ಬರುತ್ತದೆ. ಬೋರ್ ನೀರಿನ ಸುಣ್ಣ ತಲೆ ಕೂರುವ ಕಡ್ಡಿಯ ಸುತ್ತ ಬೆಳ್ಳಗೆ ಕಟ್ಟುತ್ತದೆ. ವಾರಕ್ಕೊಮ್ಮೆ ತಲೆ ಬಿಚ್ಚಿ ಒಳಗೆಲ್ಲ ತೊಳೆದು ಒರೆಸಿಡಿ. ಬಿಚ್ಚಿ ನೋಡದವರ ಬ್ರಷ್ ಒಳಗಿನ ಕಪ್ಪು ಕೆಸರನ್ನು ವರ್ಣಿಸುವುದಿಲ್ಲ, ನೀವು ಊಟ ಮಾಡುತ್ತಿರಬಹುದು.

ಬೇವಿನ ಕಡ್ಡಿ, ಹಲ್ಲುಪುಡಿಯಲ್ಲೇ ನಮ್ಮಜ್ಜಿ ಎಂಬತ್ತು ವರ್ಷ ಬಾಳಲಿಲ್ವಾ?

ಬಾಳಿದರು. ನಮ್ಮಜ್ಜಿಯೂ ನಂಜನಗೂಡು ಹಲ್ಲುಪುಡಿಯನ್ನು ಅಂಗೈಗೆ ಸುರಿದುಕೊಂಡು ತೋರುಬೆರಳಲ್ಲಿ ಉಜ್ಜುತ್ತಿದ್ದರು. ಆ ಗುಲಾಬಿ ಪುಡಿಯ ಪರಿಮಳ ಈಗಲೂ ಮೂಗಲ್ಲಿದೆ. ಆದರೆ ಅಜ್ಜಿ ದಿನವಿಡೀ ಬಿಸ್ಕತ್ತು, ಕೂಲ್‌ಡ್ರಿಂಕ್ಸ್ ಮುಟ್ಟಿದವರಲ್ಲ. ಮತ್ತೆ ನೆನಪು ಮಾಡಿಕೊಂಡರೆ ಎಂಬತ್ತರಲ್ಲಿ ಅವರ ಬಾಯಲ್ಲಿ ಉಳಿದದ್ದು ಆರೋ ಏಳೋ ಹಲ್ಲು. ಚಕ್ಕುಲಿಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ತಿನ್ನುತ್ತಿದ್ದರು. ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಂಡರೆ ಮುಂದಿನ ಹಲ್ಲಿಗೆ ಪರವಾಗಿಲ್ಲ, ಹಿಂದಿನ ಹಲ್ಲಿನ ಒಳಗಡೆಗೆ ಹೋಗುವುದು ಕಷ್ಟ. ಇದ್ದಿಲು, ಇಟ್ಟಿಗೆಪುಡಿ ಮಾತ್ರ ಬೇಡವೇ ಬೇಡ. ಅದು ಹಲ್ಲಿಗೆ ಮರಳುಕಾಗದ.

ಹೃದಯಕ್ಕೆ ಪೇಸ್‌ಮೇಕರ್ ಹಾಕಿದೆ. ತೊಂದರೆ ಆಗುತ್ತಾ?

ಬ್ರಷ್‌ನಿಂದ ಅಪಾಯ ತೀರಾ ಕಡಿಮೆ. ಚಾರ್ಜರ್ ಕಾಂತದ ಮೇಲೆ ನಡೆಯುವುದರಿಂದ ಅದನ್ನು ಎದೆಯಿಂದ ಅರ್ಧ ಅಡಿಯಾದರೂ ದೂರ ಇಡಿ. ಕೊಳ್ಳುವ ಮೊದಲು ನಿಮ್ಮ ಹೃದಯದ ಡಾಕ್ಟರನ್ನು ಒಂದು ಮಾತು ಕೇಳಿ.

ಪರಿಸರಕ್ಕೆ?

ಇಲ್ಲಿ ಎಲೆಕ್ಟ್ರಿಕ್ ಸೋಲುತ್ತದೆ. 2020ರಲ್ಲಿ ಬ್ರಿಟಿಷ್ ಡೆಂಟಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ಪ್ಲಾಸ್ಟಿಕ್ ಬ್ರಷ್, ಬಿದಿರಿನ ಬ್ರಷ್, ತಲೆ ಬದಲಿಸುವ ಸಾದಾ ಬ್ರಷ್, ಎಲೆಕ್ಟ್ರಿಕ್ ನಾಲ್ಕನ್ನೂ ಹೋಲಿಸಿತು. ಪರಿಸರದ ಹೊರೆಯಲ್ಲಿ ಎಲೆಕ್ಟ್ರಿಕ್ ಎಲ್ಲಕ್ಕಿಂತ ಕೆಟ್ಟದ್ದು. ಹಳೇ ಎಲೆಕ್ಟ್ರಿಕ್ ಬ್ರಷ್‌ನ್ನು ಹಸಿ ಕಸಕ್ಕೂ ಒಣ ಕಸಕ್ಕೂ ಹಾಕಬೇಡಿ, ಒಳಗೆ ಬ್ಯಾಟರಿ ಇದೆ. ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ.

ಒಂದೇ ಹಿಡಿ, ಮನೆಮಂದಿಗೆಲ್ಲ ಬೇರೆ ಬೇರೆ ತಲೆ. ನಡೆಯುತ್ತಾ?

ನಡೆಯುತ್ತದೆ. ಎಷ್ಟೋ ಕಂಪನಿಗಳು ಇದಕ್ಕಂತಲೇ ತಲೆಯ ಬುಡಕ್ಕೆ ಬಣ್ಣದ ಉಂಗುರ ಹಾಕಿ ಕೊಡುತ್ತವೆ. ಖರ್ಚೂ ಉಳಿಯುತ್ತದೆ, ಇ-ತ್ಯಾಜ್ಯವೂ ಕಡಿಮೆ. ತಲೆ ಮಾತ್ರ ಅದಲುಬದಲು ಆಗಬಾರದು. ನಮ್ಮಲ್ಲಿ ನೀಲಿ ಉಂಗುರ ನನ್ನದು, ಹಸಿರು ಗಂಡನದು. ಬೆಳಿಗ್ಗೆ ಕನ್ನಡಕ ಇಲ್ಲದೆ ಬಚ್ಚಲಿಗೆ ಹೋದರೆ ಎರಡೂ ಒಂದೇ ಬಣ್ಣ. ಅದಕ್ಕೆ ನನ್ನ ತಲೆಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದೇನೆ.